ದೇವರ ಎಮ್ಮೆಗಳ ಪಾರುಪತ್ತೇಗಾರ

ನಜ್ಲತ್ ಬಿಶಾರಾದಲ್ಲಿ ಯಾವುದಕ್ಕೆ ಬರಗಾಲವಿದ್ದರೂ ಗಂಡ ಸತ್ತ ಹೆಂಗಸರಿಗೆ ಬರಗಾಲವಿರಲಿಲ್ಲ. ನೈಲ್ ನದಿಯ ಮೂಡಣ ದಂಡೆಯ ಸುಣ್ಣಕಲ್ಲಿನ ಗಣಿಗೆ ಊರಿನ ಗಂಡಸರು ಕತ್ತಲು ಹರಿಯುವ ಮೊದಲೇ ಲಾರಿ ಹತ್ತಿ ಹೋಗುತ್ತಿದ್ದರು. ಸಂಜೆ ಇಳಿದಾಗ ಮೈತುಂಬ ಬಿಳಿ ಧೂಳು. ಯಾರು ಯಾರೆಂದು ಕಟ್ಟಿಕೊಂಡ ಹೆಂಡತಿಗೂ ಗುರುತು ಹತ್ತುತ್ತಿರಲಿಲ್ಲ. ಕಲ್ಲು ಕೊಯ್ಯುವ ಗರಗಸದ ಬಾಯಿಗೆ ಕೈ ಹೋಗುವುದು, ಒದ್ದೆ ವೈರು ತುಳಿದು ಕರೆಂಟು ಹೊಡೆಯುವುದು, ಅದೆಲ್ಲ ತಪ್ಪಿಸಿಕೊಂಡರೆ ಧೂಳು ಕುಡಿದ ಎದೆ ನಡುವಯಸ್ಸಿಗೇ ಕಟ್ಟಿಹೋಗುವುದು. ಬಖೂಮ ಆ ಗಣಿಯಲ್ಲಿ ಎಡಗೈಯ ಎರಡು ಬೆರಳು ಬಿಟ್ಟು ಬಂದವನು. ಅವನ ತಮ್ಮ ಫಹೀಮ ಜೀವವನ್ನೇ ಬಿಟ್ಟ.

ತಮ್ಮನನ್ನು ಮಣ್ಣು ಮಾಡಿದ ಮೇಲೆ ಬಖೂಮ ಮತ್ತೆ ಆ ಲಾರಿ ಹತ್ತಲಿಲ್ಲ. ಹೆಂಡತಿ ಗಲೀಲಾಳ ತವರಿನವರು ಬಿಟ್ಟುಕೊಟ್ಟ ತುಂಡು ಹೊಲದಲ್ಲಿ ಬರ್ಸೀಮ್ ಹುಲ್ಲು, ಈರುಳ್ಳಿ ಹಾಕಿಕೊಂಡು ತಲೆ ತಗ್ಗಿಸಿ ಬದುಕುತ್ತಿದ್ದ. ಅಂಥವನನ್ನು ಒಂದು ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಪಾದ್ರಿ ಅಬೂನಾ ಯಸ್ಸಾ ಕರೆದು ನಿಲ್ಲಿಸಿಕೊಂಡರು. ಯಾರೋ ಪುಣ್ಯಾತ್ಮರು ಊರಿನ ವಿಧವೆಯರಿಗೆಂದು ಒಂದಷ್ಟು ಎಮ್ಮೆಗಳನ್ನು ಕಳಿಸಿದ್ದರು. ಅವನ್ನು ಹಂಚಿ, ನೋಡಿಕೊಂಡು, ಸಂಘ ನಡೆಸುವುದಕ್ಕೆ ಒಬ್ಬ ಯಜಮಾನ ಬೇಕಾಗಿತ್ತು.

"ಅಬೂನಾ, ನನಗೆ ಓದು ಬರಹ ಬರೋಲ್ಲ," ಎಂದ ಬಖೂಮ.

"ಎಮ್ಮೆಗೂ ಬರೋಲ್ಲ ಕಣೋ. ಇಬ್ಬರಿಗೂ ಸರಿಹೋಗುತ್ತೆ."

"ನಾನು ಯಜಮಾನಿಕೆ ಮಾಡಿದೋನಲ್ಲ."

"ಯಜಮಾನಿಕೆ ಮಾಡು ಅಂತ ಯಾರು ಹೇಳಿದ್ರು? ಇದು ನಂದಲ್ಲ, ನಿಂದಲ್ಲ. ಒಡೆಯ ಊರಲ್ಲಿಲ್ಲ, ಅಷ್ಟೆ. ಬಂದಾಗ ಕೇಳ್ತಾನೆ. ಅಲ್ಲೀತನಕ ಮನೆವಾರ್ತೆ ನೋಡ್ಕೊ."

ಈ ಮಾತು ಬಖೂಮನ ಎದೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತು.

ಸಂಘದ ಕಟ್ಟಳೆ ಸರಳವಾಗಿತ್ತು. ಎಮ್ಮೆ ಪಡೆದವಳು ಹಾಲು ಕರೆದುಕೊಳ್ಳಲಿ, ಬೆಣ್ಣೆ ಮಾರಲಿ, ಮಕ್ಕಳನ್ನು ಸಾಕಲಿ. ಆದರೆ ಅದು ಈಯುವ ಮೊದಲ ಹೆಣ್ಣು ಕರು ಅವಳದಲ್ಲ. ಕರು ಹಾಲು ಬಿಟ್ಟ ಮೇಲೆ ಸರದಿಯಲ್ಲಿ ಮುಂದಿರುವ ವಿಧವೆಗೆ ಅದನ್ನು ದಾಟಿಸಬೇಕು. ಆಮೇಲೆ ಹುಟ್ಟಿದ್ದೆಲ್ಲ ಅವಳದೇ. ಕರು ದಾಟಿಸುವ ದಿನ ಇಗರ್ಜಿಯ ಅಂಗಳದಲ್ಲಿ ಜನ ಸೇರುತ್ತಿದ್ದರು. ಕೊಡುವವಳು ಹಗ್ಗವನ್ನು ಅಬೂನಾರ ಕೈಗೆ, ಅಬೂನಾ ಬಖೂಮನ ಕೈಗೆ, ಬಖೂಮ ಪಡೆಯುವವಳ ಕೈಗೆ ಕೊಡುತ್ತಿದ್ದ. ಕೊಡುವಾಗ, "ಹಗ್ಗ ನಿಂದು, ಎಮ್ಮೆ ದೇವರದು," ಎನ್ನುತ್ತಿದ್ದ.

ಅವನು ಸಂಘ ನಡೆಸಿದ ರೀತಿಯನ್ನು ಕಂಡು ನಗುವವರು ನಕ್ಕರು, ಮೆಚ್ಚುವವರು ಮೆಚ್ಚಿದರು. ಯಾವ ಎಮ್ಮೆ ಒದೆಯುತ್ತದೆ, ಯಾವ ಹೆಂಗಸಿಗೆ ಕೈ ಬಿಗಿ, ಯಾರ ಮನೆಯಲ್ಲಿ ಮೇವು ಹಾಳಾಗುತ್ತದೆ, ಎಲ್ಲ ಅವನ ತಲೆಯಲ್ಲಿತ್ತು. ಮಂಡಿನೋವಿನ ಮುದುಕಿಯ ಎಮ್ಮೆಯನ್ನು ತಾನೇ ಕಾಲುವೆಗೆ ಹೊಡೆದುಕೊಂಡು ಹೋಗಿ ಹುಲ್ಲಿನ ಉಂಡೆಯಿಂದ ಮೈ ತಿಕ್ಕುತ್ತಿದ್ದ. ಗಂಡಸರು ದಂಡೆಯ ಮೇಲೆ ಕೂತು, "ಏನಯ್ಯಾ ಬಖೂಮ, ಮದುಮಗಳಿಗೆ ಮದರಂಗಿ ಯಾವಾಗ?" ಎಂದು ಕೂಗುತ್ತಿದ್ದರು. ಯಾರ ಮನೆಗೆ ಹೋದರೂ ಕರಿ ಟೀ ಕುಡಿಯುತ್ತಿದ್ದ. ಸಂಘದ ಎಮ್ಮೆಯ ಹಾಲು ಒಂದು ತೊಟ್ಟು ಅವನ ಟೀಯಲ್ಲಿ ಬೀಳಬಾರದು. ಹಬ್ಬದ ದಿನ ಯಾರಾದರೂ ಒಂದು ಬಟ್ಟಲು ಮೊಸರು ಕಳಿಸಿದರೆ ತಿರುಗಿಸಿ ಕಳಿಸುತ್ತಿದ್ದ.

"ಊರಿಗೆಲ್ಲ ಎಮ್ಮೆ ಹಂಚೋ ಗಂಡ," ಎನ್ನುತ್ತಿದ್ದಳು ಗಲೀಲಾ, "ನಮ್ಮನೇಲಿ ರೊಟ್ಟಿಗೆ ಈರುಳ್ಳಿ. ದೇವರು ಕೊಟ್ರೂ ಪಾರುಪತ್ತೇಗಾರ ಬಿಡೋಲ್ಲ ನೋಡು!"

ಅದು ತಮಾಷೆಯ ಮಾತು. ತಮಾಷೆಯಲ್ಲದ ಜಗಳ ಒಂದೇ ಇತ್ತು, ದಿಮ್ಯಾನಾಳದು.

ದಿಮ್ಯಾನಾ ಫಹೀಮನ ಹೆಂಡತಿ. ಮೂರು ಹೆಣ್ಣುಮಕ್ಕಳನ್ನು ಮಡಿಲಲ್ಲಿ ಹಾಕಿ ಗಂಡ ಹೋದಮೇಲೆ ಅವಳು ಕಂಡವರ ಮನೆಯಲ್ಲಿ ಹಿಟ್ಟು ನಾದಿ, ರೊಟ್ಟಿಯ ಮುದ್ದೆಗಳನ್ನು ಬಿಸಿಲಿಗಿಟ್ಟು ಉಬ್ಬಿಸಿ, ಒಲೆಯ ಮುಂದೆ ಕೂತು ಸುಟ್ಟು ಕೊಡುತ್ತಿದ್ದಳು. ಕೂಲಿಯೆಂದರೆ ಸೆರಗಿನಲ್ಲಿ ಕಟ್ಟಿಕೊಂಡು ಹೋಗುವ ರೊಟ್ಟಿಯೇ. ಗಂಡ ಸತ್ತ ವರಸೆಯಲ್ಲಿ ಸರದಿ ಎಂದು ಕಟ್ಟಳೆ ಮಾಡಿದವನು ಬಖೂಮನೇ. ಹಾಗೆ ನೋಡಿದರೆ ದಿಮ್ಯಾನಾ ಮುಂದಿರಬೇಕಿತ್ತು. ಅವನು ಅವಳನ್ನು ಕೊನೆಗೆ ಇಟ್ಟ.

"ಫಹೀಮ ಸತ್ತಿದ್ದು ಇವರೆಲ್ಲರ ಗಂಡಂದಿರಿಗಿಂತ ಮೊದಲು," ಎಂದು ಗಲೀಲಾ ಗಂಡನ ಮುಂದೆ ನಿಂತಳು. "ಆ ಮಕ್ಕಳ ಮೂಳೆ ಎಣಿಸಬಹುದು. ನಿನ್ನ ಕಣ್ಣಿಗೆ ಕಾಣೋಲ್ವಾ?"

"ಕಾಣುತ್ತೆ."

"ಮತ್ತೆ?"

"ನನ್ನ ಮನೆಯವಳನ್ನ ಮುಂದೆ ಹಾಕಿದೆ ಅಂದ್ರೆ ಅವತ್ತೇ ಸಂಘ ಸಾಯುತ್ತೆ ಕಣೇ. ಒಡೆಯನ ಮನೇಲಿ ಆಳು ತನ್ನ ನೆಂಟರಿಗೆ ಮೊದಲು ಬಡಿಸ್ತಾನಾ?"

"ಅವಳು ನಿನ್ನ ನೆಂಟಳಾಗಿದ್ದು ಅವಳ ತಪ್ಪಾ?"

ಬಖೂಮ ಎದ್ದು ಹೊರಗೆ ಹೋದ. ದಿಮ್ಯಾನಾ ಮಾತ್ರ ಜಗಳಕ್ಕೆ ನಿಲ್ಲಲಿಲ್ಲ. "ಆಗಲಿ ಭಾವ," ಎಂದಳು. ಹೊಸ ಹೊಸ ವಿಧವೆಯರು ಬಂದರು, ಅವರೂ ಅವಳ ಮುಂದೆ ನಿಂತರು. ಪ್ರತಿಸಲವೂ ಅವಳು "ಆಗಲಿ ಭಾವ" ಎಂದಳು. ಹೀಗೆ ವರುಷಗಳು ಹೋದವು.

ಕೊನೆಗೆ ಅವಳ ಸರದಿ ಬಂದೇ ಬಂತು. ಆ ವರುಷ ಸಂಘದ ಎಮ್ಮೆಗಳೆಲ್ಲ ಮಾತಾಡಿಕೊಂಡ ಹಾಗೆ ಗಂಡು ಕರು ಹಾಕಿದವು. ಹೆಣ್ಣು ಕರು ಹುಟ್ಟಿದ್ದು ಜಹೀಯಾಳ ಕೊಟ್ಟಿಗೆಯಲ್ಲಿ ಮಾತ್ರ. ಜಹೀಯಾಳೂ ಗಣಿಯ ವಿಧವೆಯೇ. ಇರೀನಿ ಎಂಬ ಒಬ್ಬಳೇ ಮಗಳು. ಊರವರು ಅವಳನ್ನು ಇರೀನಿಯಮ್ಮ ಎಂದೇ ಕರೆಯುತ್ತಿದ್ದರು. ಕರುವಿನ ಸುದ್ದಿ ಬಂದದ್ದೇ ದಿಮ್ಯಾನಾಳ ಮಕ್ಕಳು ದಿನಾ ಅಲ್ಲಿಗೆ ಓಡತೊಡಗಿದವು. ಕಾಡಿಗೆಯಂಥ ಕಪ್ಪು ಕರುವಿಗೆ ಮಲ್ಲಿಗೆ ಎಂದು ಹೆಸರಿಟ್ಟವು. ದಿಮ್ಯಾನಾ ಮನೆಯ ಹಿಂದಿನ ಮುರಿದ ಗೋಡೆಯನ್ನು ಮಣ್ಣು ಕಲಸಿ ಮೆತ್ತಿ ಗೋದಲಿ ಕಟ್ಟಿದಳು. ಅವಳು ಹಾಡು ಗುನುಗಿದ್ದನ್ನು ಗಲೀಲಾ ಬಹಳ ಕಾಲದ ಮೇಲೆ ಕೇಳಿದಳು.

ಕರು ಹಾಲು ಬಿಡುವ ಹೊತ್ತಿಗೆ ಇರೀನಿಗೆ ಕರುಳಿನ ಜ್ವರ ಬಂತು. ಪಟ್ಟಣದ ಆಸ್ಪತ್ರೆಗೆ ಸೇರಿಸಿದರು. ಹುಡುಗಿ ಅಮ್ಮನ ಗುರುತೂ ಹಿಡಿಯದೆ ಗೋಡೆಯೊಂದಿಗೆ ಮಾತಾಡುತ್ತಿದ್ದಳು. ಜಹೀಯಾ ಊರಿಗೆ ಓಡಿಬಂದು ಇಗರ್ಜಿಯಲ್ಲಿ ಮಾರ್ ಗಿರ್ಗಿಸನ ಚಿತ್ರದ ಮುಂದೆ, ಕುದುರೆ ಮೇಲೆ ಕೂತು ಘಟಸರ್ಪ ತಿವಿಯುವ ಆ ಸಂತನ ಮುಂದೆ, ತಲೆ ಚಚ್ಚಿಕೊಂಡಳು. ಹತ್ತಾರು ಹೆಂಗಸರು ಕೇಳುವ ಹಾಗೆ ಹರಕೆ ಹೊತ್ತಳು: "ನನ್ನ ಮಗಳನ್ನ ಎಬ್ಬಿಸು. ನನ್ನ ಕೊಟ್ಟಿಗೇಲಿರೋ ಕರು ನಿಂಗೆ!" ಮನೆಗೆ ಹೋಗಿ ಹರಕೆಯ ಪ್ರಾಣಿಗೆ ಕಟ್ಟುವ ಕೆಂಪು ದಾರವನ್ನು ಕರುವಿನ ಕಿವಿಗೆ ಕಟ್ಟಿಬಿಟ್ಟಳು.

ಆ ಸೀಮೆಯಲ್ಲಿ ಮಾರ್ ಗಿರ್ಗಿಸನಿಗೆ ಹೊತ್ತ ಪ್ರಾಣಿಯನ್ನು ಮಾರುವ ಹಾಗಿಲ್ಲ, ಬದಲಿಸುವ ಹಾಗಿಲ್ಲ. ಹಬ್ಬದ ದಿನ ನದಿಯಾಚೆಯ ಗುಡ್ಡದ ಮಠಕ್ಕೆ ಒಯ್ದು ಕಡಿದು ಮಾಂಸ ಹಂಚಬೇಕು. ಹರಕೆ ತಪ್ಪಿದ ಮನೆಗಳ ಕಥೆಗಳು ಹೆಂಗಸರ ಬಾಯಲ್ಲಿ ಸಾಲುಗಟ್ಟಿ ನಿಂತಿದ್ದವು.

ಬಖೂಮ ಜಹೀಯಾಳ ಬಾಗಿಲಿಗೆ ಬಂದ. ಆ ಹೊತ್ತಿಗೆ ಇರೀನಿಯ ಜ್ವರ ಇಳಿದು ಅವಳನ್ನು ಮನೆಗೆ ಕರೆತಂದಿದ್ದರು.

"ಇರೀನಿಯಮ್ಮ, ಕರು ನಿಂದಲ್ಲ."

"ಗೊತ್ತು ಬಖೂಮಣ್ಣ."

"ನಿಂದಲ್ಲದ್ದನ್ನ ಹೆಂಗೆ ಹೊತ್ತೆ?"

"ಆವಾಗ ನನ್ನ ಕೈಲಿ ಇನ್ನೇನಿತ್ತು? ನನ್ನ ತಲೆ ಕೊಡ್ತೀನಿ ಅಂದ್ರೆ ಆ ಸಂತ ತಗೋತಾನಾ?"

"ಅದು ದಿಮ್ಯಾನಾಳ ಕರು."

"ದೇವರ ಕರು ಅಂತ ನೀನೇ ಹೇಳ್ತಿದ್ದೆ. ದೇವರದನ್ನ ದೇವರ ಸಂತನಿಗೆ ಕೊಟ್ಟೆ. ದಿಮ್ಯಾನಾಳದು ಯಾವಾಗ ಆಯ್ತು?" ಎಂದಳು ಜಹೀಯಾ. ಅವಳ ಹಿಂದೆ ನೆರೆದಿದ್ದ ಹೆಂಗಸರಲ್ಲಿ ಒಬ್ಬಳು ಸೆರಗು ಬಾಯಿಗೆ ಅಡ್ಡ ಹಿಡಿದು, "ತಮ್ಮನ ಹೆಂಡತಿ ಸರದಿ ಬಂದಾಗ ಕಟ್ಟಳೆ ಎಷ್ಟು ಬಿಗಿ ನೋಡ್ರೇ," ಎಂದಳು. ಆರು ವರುಷ ಕರಿ ಟೀ ಕುಡಿದವನಿಗೆ ಆ ಮಾತು ಬೆನ್ನಿಗೆ ಚೂರಿ ಹಾಕಿದ ಹಾಗಾಯಿತು.

ಬದಲಿ ಕೊಡುತ್ತೇನೆ ಎಂದ. ತನ್ನ ಮನೆಯಲ್ಲಿ ಇದ್ದದ್ದು ಎರಡು ಆಡು, ಒಂದು ಕತ್ತೆ. ಎಲ್ಲ ತಗೊಳ್ಳಿ, ಹರಕೆಗೆ ಒಯ್ಯಿರಿ, ಕರು ಬಿಡಿ ಎಂದ.

"ಮಾರ್ ಗಿರ್ಗಿಸನಿಗೆ ಕತ್ತೆ ಕೊಡ್ತೀಯೇನಯ್ಯಾ?" ಎಂದಳು ಮಂಡಿನೋವಿನ ಮುದುಕಿ. "ಅವನ ಹತ್ರ ಕುದುರೆ ಇದೆ!"

ಹೆಂಗಸರೆಲ್ಲ ನಕ್ಕರು. ಬಖೂಮನೂ ನಗಲು ನೋಡಿದ, ಆಗಲಿಲ್ಲ.

ಅಬೂನಾ ಯಸ್ಸಾರ ಹತ್ತಿರ ಹೋದ. ಅವರು ತುಂಬ ಹಣ್ಣಾಗಿದ್ದರು. ಗಡ್ಡ ನೀವಿಕೊಂಡರು. "ಅವಳಿಗೆ ಹೊರೋ ಹಕ್ಕಿರಲಿಲ್ಲ," ಎಂದರು. "ಆದ್ರೆ ಹರಕೆ ಹೊತ್ತಾಗಿದೆ. ನಾನು ಬಿಡಿಸ್ದೆ ಅಂತಿಟ್ಕೊ, ನಾಳೆ ಆ ಹುಡುಗಿಗೆ ಏನಾದ್ರೂ ಆದ್ರೆ? ಪಾರುಪತ್ಯ ನಿಂದು ಮಗಾ. ನೀನೇ ನೋಡು."

ಬಖೂಮ ಗಟ್ಟಿಯಾಗಿ ನಿಂತ. ಕರು ಸಂಘದ್ದು, ಬರುವ ಭಾನುವಾರ ದಿಮ್ಯಾನಾಳಿಗೆ ದಾಟಿಸುತ್ತೇನೆ ಎಂದು ಊರಿಗೆಲ್ಲ ಹೇಳಿದ. ಆ ಭಾನುವಾರ ಬರುವುದಕ್ಕೆ ಮೊದಲೇ ಇರೀನಿಗೆ ಜ್ವರ ತಿರುಗಿತು. ಕರುಳಿನ ಜ್ವರ ಹಾಗೆ ತಿರುಗುವುದುಂಟು, ಮಾತ್ರೆ ನಡುವೆ ನಿಲ್ಲಿಸಿದ್ದೀರಿ ಎಂದು ಡಾಕ್ಟರು ಬೈದರು. ಊರಿನಲ್ಲಿ ಯಾರು ಡಾಕ್ಟರ ಮಾತು ಕೇಳುತ್ತಾರೆ! ಜಹೀಯಾ ಬಖೂಮನ ಮನೆಯ ಮುಂದೆ ಬಂದು ಮಣ್ಣಿನಲ್ಲಿ ಕೂತಳು. ಬೈಯಲಿಲ್ಲ, ಶಪಿಸಲಿಲ್ಲ. ಮಣ್ಣು ತೆಗೆದು ತೆಗೆದು ತಲೆಗೆ ಹಾಕಿಕೊಂಡಳು.

ಆಗ ಹಿತ್ತಿಲಿಂದ ದಿಮ್ಯಾನಾ ಬಂದಳು. ಮೊಣಕೈವರೆಗೆ ಹಿಟ್ಟು.

"ಭಾವ, ಕೊಟ್ಬಿಡು."

"ನಿನ್ನ ಸರದಿ ಕಣಮ್ಮ ಇದು."

"ಆ ಹುಡುಗಿ ಸತ್ತು ನನ್ನ ಮಕ್ಕಳು ಹಾಲು ಕುಡೀಬೇಕಾ? ಆ ಹಾಲು ಗಂಟಲಲ್ಲಿ ಇಳಿಯುತ್ತಾ? ಕೊಟ್ಬಿಡು."

ಬಖೂಮ ಕೊಟ್ಟ. ಇದೊಂದು ಸಲ ಮಾತ್ರ ಎಂದು ಹೇಳಿಯೇ ಕೊಟ್ಟ. ಜಹೀಯಾ ಅವನ ಕೈಗೆ ಮುತ್ತಿಕ್ಕಿದಳು, ಇದ್ದ ಮೂರು ಬೆರಳಿಗೂ.

ದೊಡ್ಡ ಉಪವಾಸ ಮುಗಿದು ಈಸ್ಟರ್ ಕಳೆದ ಮೇಲೆ ಮಾರ್ ಗಿರ್ಗಿಸನ ಹಬ್ಬ ಬಂತು. ಕರುವನ್ನು ದೋಣಿಗೆ ಹತ್ತಿಸಿ ಮಠಕ್ಕೆ ಒಯ್ದರು. ಇರೀನಿ ಆ ಹೊತ್ತಿಗೆ ತಾನೇ ನಡೆದು ದೋಣಿ ಹತ್ತುವಷ್ಟಾಗಿದ್ದಳು. ಕೂದಲೆಲ್ಲ ಉದುರಿ ತಲೆಗೆ ಬಿಳಿ ಬಟ್ಟೆ ಸುತ್ತಿದ್ದರು. ಜನ ಅವಳನ್ನು ಮುಟ್ಟಿ ಮುಟ್ಟಿ ಕೈ ಕಣ್ಣಿಗೊತ್ತಿಕೊಂಡರು. ಸಂಜೆ ಜಹೀಯಾ ಮೊದಲ ತಟ್ಟೆ ಮಾಂಸವನ್ನು ದಿಮ್ಯಾನಾಳ ಮನೆಗೇ ತಂದಳು. ಅವಳ ಮನಸ್ಸಿನಲ್ಲಿ ಕೆಡುಕಿರಲಿಲ್ಲ.

"ತಗೋ ತಂಗಿ, ಸಂತನ ಬರಕತ್ತು. ಬೇಡ ಅನ್ನಬಾರದು."

ಬೇಡ ಅನ್ನುವ ಹಾಗಿರಲಿಲ್ಲ. ದಿಮ್ಯಾನಾ ಎರಡೂ ಕೈ ಒಡ್ಡಿ ಈಸಿಕೊಂಡಳು, ಶಿಲುಬೆಯ ಗುರುತು ಮಾಡಿ, ಬೇಯಿಸಿ, ಮಕ್ಕಳ ಮುಂದಿಟ್ಟಳು. ವರುಷಕ್ಕೊಮ್ಮೆ ಮಾಂಸ ಕಾಣುವ ಮಕ್ಕಳು. ದೊಡ್ಡವರಿಬ್ಬರು ತಿಂದರು. ಕೊನೆಯವಳು, "ಅಮ್ಮಾ, ಇದು ಮಲ್ಲಿಗೇನಾ?" ಎಂದಳು. ದಿಮ್ಯಾನಾ ಅವಳ ಮುಂದಿನ ತಟ್ಟೆ ಸರಿಸಿ ರೊಟ್ಟಿ ಇಟ್ಟಳು.

ಹುಡುಗಿ ಉಳಿದಳಲ್ಲ, ಅಷ್ಟೇ ಸಾಕು ಎಂದುಕೊಂಡ ಬಖೂಮ. ಆದರೆ ಹುಡುಗಿ ಉಳಿದದ್ದೇ ಸಂಘಕ್ಕೆ ಮುಳುವಾಯಿತು. ಇರೀನಿಯ ಸುದ್ದಿ ದಂಡೆಗುಂಟ ಊರೂರಿಗೆ ಹರಿಯಿತು. ಸಂಘದ ಕರು ಹೊತ್ತರೆ ಮಾರ್ ಗಿರ್ಗಿಸ ತಪ್ಪದೆ ಕೇಳುತ್ತಾನೆ ಎಂಬ ಮಾತು ಹುಟ್ಟಿತು. ವಿಧವೆಯ ಕೈಯ ಕರು, ದೇವರ ಹೆಸರಿನ ಕರು, ಅದಕ್ಕಿಂತ ಒಳ್ಳೆಯ ಹರಕೆ ಯಾವುದು? ಇನ್ನೂ ಕರು ದಾಟಿಸಬೇಕಿದ್ದ ಹೆಂಗಸರ ಮನೆಗಳಲ್ಲಿ ಒಬ್ಬಳ ಮಗನಿಗೆ ಸೈನ್ಯದಿಂದ ಬಿಡುಗಡೆಯಾಗಬೇಕಿತ್ತು, ಒಬ್ಬಳ ಸೊಸೆಗೆ ಬಸಿರು ನಿಲ್ಲುತ್ತಿರಲಿಲ್ಲ, ಮಂಡಿನೋವಿನ ಮುದುಕಿಗೆ ಮಂಡಿ ಇತ್ತು. ನೆರೆಮನೆಯ ಹೆಂಗಸಿಗೆ ಕರು ಕೊಟ್ಟರೆ ಅವಳು ನಾಳೆ ಮುಖ ತಿರುಗಿಸಿಕೊಂಡು ಹೋಗಬಹುದು. ಸಂತನಿಗೆ ಕೊಟ್ಟರೆ ಊರೇ ಕೈ ಮುಗಿಯುತ್ತದೆ, ಹಬ್ಬದ ದಿನ ಮಾಂಸವೂ ಉಂಟು.

ಬಖೂಮ ಕಾಡಿ ಬೇಡಿ ಅಬೂನಾರಿಂದ ಇಗರ್ಜಿಯಲ್ಲಿ ಹೇಳಿಸಿದ. ಸಂಘದ ಕರು ಹೊರುವ ಹಾಗಿಲ್ಲ, ಹೊತ್ತರೆ ಅದು ಹರಕೆಯೇ ಅಲ್ಲ ಎಂದು ಅವರು ನಡುಗುವ ದನಿಯಲ್ಲಿ ಸಾರಿದರು. ಹೊರಗೆ ಅಂಗಳದಲ್ಲಿ ಹೆಂಗಸರು ಬಖೂಮನನ್ನು ಸುತ್ತಿಕೊಂಡರು.

"ಇರೀನಿಯಮ್ಮನ ಹರಕೆ ನಡೀತು, ನಮ್ಮದು ನಡೆಯೋಲ್ವಾ? ಅವಳ ಮಗಳು ಮಗಳು, ನಮ್ಮ ಮಕ್ಕಳು ಕಲ್ಲಾ?"

"ಅದೊಂದು ಸಲ ಅಂತ ಹೇಳಿದ್ದೆ."

"ಸಂತನಿಗೂ ಹೇಳಿದ್ಯಾ, ಒಂದೇ ಸಲ ಅಂತ?"

ಒಂದು ಬಾಗಿಲು ತೆರೆದವನು ತಾನೇ. ಆ ಬಾಗಿಲು ತೆರೆಯದಿದ್ದರೆ ಒಂದು ಮಗು ಸಾಯುತ್ತಿತ್ತು ಎಂದು ಊರು ನಂಬಿತ್ತು. ಬಖೂಮನೂ ಒಳಗೊಳಗೆ ನಂಬಿದ್ದ. ನಂಬದೆ ಇದ್ದಿದ್ದರೆ ಕೊಡುತ್ತಲೇ ಇರಲಿಲ್ಲವಲ್ಲ.

ಮುಂದಿನ ವರುಷ ಮುದುಕಿಯ ಎಮ್ಮೆ ಹೆಣ್ಣು ಕರು ಹಾಕಿದೆ ಎಂದು ಕೇಳಿದ ತಕ್ಷಣ ಬಖೂಮ ಓಡಿದ. ಕರು ಇನ್ನೂ ನೆಟ್ಟಗೆ ನಿಲ್ಲಲಾರದೆ ಕಾಲು ಅಗಲಿಸಿಕೊಂಡು ತೂಗುತ್ತಿತ್ತು. ಕಿವಿಯಲ್ಲಿ ಕೆಂಪು ದಾರವಿತ್ತು.

"ಅಜ್ಜಿ, ನಿನ್ನ ಎಮ್ಮೆಯ ಮೈ ತಿಕ್ಕಿದೋನು ನಾನು."

"ಅದಕ್ಕೇ ಹೇಳ್ತೀನಿ, ನಿಂಗೆ ದೊಡ್ಡ ಪುಣ್ಯ ಬರುತ್ತೆ ಮಗಾ," ಎಂದಳು ಮುದುಕಿ. ಅದನ್ನು ಅವಳು ಮನಸಾರೆ ಹೇಳಿದಳು.

ಬಲವಂತವಾಗಿ ಬಿಡಿಸಿಕೊಂಡು ಬರಬಹುದಿತ್ತು. ಬಂದರೂ ಯಾವ ಹೆಂಗಸು ಆ ಕರುವನ್ನು ತನ್ನ ಮನೆಯೊಳಗೆ ಕಟ್ಟಿಕೊಂಡಾಳು? ಕೊಟ್ಟಿಗೆಗಳಲ್ಲಿ ಒಂದೊಂದಾಗಿ ಕೆಂಪು ದಾರಗಳು ಕಾಣಿಸಿದವು. ಮುದಿ ಎಮ್ಮೆಗಳು ಬತ್ತಿದವು, ಕೆಲವು ಸತ್ತವು. ದಾಟಿಸಲು ಏನೂ ಉಳಿಯಲಿಲ್ಲ. ಮುದುಕಿಯ ಮಂಡಿ ವಾಸಿಯಾಗಲಿಲ್ಲ. ನನ್ನ ಪಾಪ ಹೆಚ್ಚು ಎಂದು ಅವಳು ಇನ್ನೊಂದು ಹರಕೆ ಹೊತ್ತಳು.

ದಿಮ್ಯಾನಾ ಆ ಚಳಿಗಾಲದಲ್ಲಿ ಊರು ಬಿಡಲು ನಿಂತಳು. ಕೈರೋದಲ್ಲಿ ಯಾವುದೋ ದೊಡ್ಡ ಮನೆಯಲ್ಲಿ ಕಸಮುಸುರೆಗೆ ಹೆಂಗಸು ಬೇಕಂತೆ. ದೊಡ್ಡ ಮಗಳನ್ನೂ ಇನ್ನೊಂದು ಮನೆಗೆ ಸೇರಿಸುತ್ತಾರಂತೆ. ಗಲೀಲಾ ಅತ್ತು ಕರೆದು ಕೊನೆಯ ಇಬ್ಬರನ್ನು ತಾನಿಟ್ಟುಕೊಳ್ಳುತ್ತೇನೆ ಎಂದಳು. ದಿಮ್ಯಾನಾ ಒಪ್ಪಲಿಲ್ಲ. ಬಸ್ಸು ನಿಲ್ಲುವಲ್ಲಿ ಬಖೂಮ ಗಂಟು ಹೊತ್ತು ತಂದಿಟ್ಟ.

"ದಿಮ್ಯಾನಾ, ನಾನು ಮಾಡಿದ್ದು ತಪ್ಪಾ?"

"ಯಾವುದು ಭಾವ?"

"ನಿನ್ನ ಕೊನೇಲಿ ಇಟ್ಟಿದ್ದು."

ಅವಳು ಚಿಕ್ಕವಳ ಮುಖ ಸೆರಗಿನಿಂದ ಒರೆಸಿದಳು. "ನೀನು ಒಳ್ಳೆಯವನು ಭಾವ. ಆ ಸಂಘಕ್ಕೆ ಬೇರೆ ಯಾರಾದ್ರೂ ಇದ್ದಿದ್ರೆ ಅರ್ಧ ನುಂಗಿರೋರು. ಒಡೆಯ ಲೆಕ್ಕ ಕೇಳಿದ್ರೆ ನಿನ್ನ ಕೈ ಶುಭ್ರ ಇದೆ." ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟವಳು ತಿರುಗಿದಳು. ದನಿಯಲ್ಲಿ ಕೋಪವೂ ಇರಲಿಲ್ಲ. "ನೀನು ಸ್ವಲ್ಪ ಕಳ್ಳ ಆಗಿದ್ರೆ ನನಗೊಂದು ಎಮ್ಮೆ ಸಿಗ್ತಿತ್ತು."

ಆ ಸಂಜೆ ಬಖೂಮ ಅಬೂನಾರ ಬಳಿ ಹೋಗಿ ಪಾರುಪತ್ಯ ಒಪ್ಪಿಸಲು ನೋಡಿದ. "ಯಾರಿಗೆ ಕೊಡಲಿ?" ಎಂದರು ಅವರು. "ಏನನ್ನ ಕೊಡಲಿ?" ದೀಪ ಹಚ್ಚುವವನು ಬರುವವರೆಗೂ ಇಬ್ಬರೂ ಎದುರುಬದುರು ಕೂತಿದ್ದರು.

ಊರು ಸುಮ್ಮನಿರಲಿಲ್ಲ. ತಮ್ಮನ ಹೆಂಡತಿಯನ್ನು ಕೈರೋಗೆ ಕಳಿಸಿದನಲ್ಲ, ಬಸ್ಸಿಗೆ ಎಲ್ಲಿಂದ ಬಂತು, ಅಲ್ಲಿ ಮನೆ ಮಾಡಲು ಎಲ್ಲಿಂದ ಬಂತು ಎಂದು ಒಬ್ಬರು ಕೇಳಿದರು. ಸತ್ತವೆಂದು ಹೇಳಿದ ಎಮ್ಮೆಗಳು ನಿಜವಾಗಿ ಸತ್ತವೋ, ಸಂತೆಗೆ ಹೋದವೋ ಎಂದು ಇನ್ನೊಬ್ಬರು. ಗಲೀಲಾ ಬೀದಿಯಲ್ಲಿ ನಿಂತು ಜಗಳವಾಡಿ ಬಂದಳು. ಬಖೂಮ ಮಾತ್ರ ಎಂದಿನ ಹಾಗೆ ಗುದ್ದಲಿ ಎತ್ತಿಕೊಂಡು ಹೊಲಕ್ಕೆ ಹೋದ.

ಗಣಿ ನಿಲ್ಲುವುದೇ? ಬೇಸಿಗೆ ಬರುವ ಮೊದಲು ಇನ್ನೊಬ್ಬ ಹೋದ. ಅವನ ಹೆಂಡತಿ, ಪಕ್ಕದ ಊರಿನಿಂದ ಮದುವೆಯಾಗಿ ಬಂದ ಹುಡುಗಿ, ಕಂಕುಳಲ್ಲಿ ಕೂಸು, ಇನ್ನೂ ಮಡಿಕೆ ಮುರಿಯದ ಕರಿ ಬಟ್ಟೆ, ಒಂದು ಬೆಳಿಗ್ಗೆ ಬಖೂಮನ ಬಾಗಿಲಲ್ಲಿ ನಿಂತಳು.

"ಬಖೂಮಣ್ಣ ನೀವೇ ಏನು? ಎಮ್ಮೆ ಕೊಡ್ತೀರಂತೆ. ನನ್ನ ಸರದಿ ಯಾವಾಗ?"

"ಸರದಿ ಇಲ್ಲಮ್ಮ. ಎಮ್ಮೆ ಇಲ್ಲ. ಇದ್ದಿದ್ರೆ ಇವತ್ತೇ ಕೊಡ್ತಿದ್ದೆ."

ಹುಡುಗಿ ಅವನ ಭುಜದ ಮೇಲಿಂದ ಒಳಗೆ ನೋಡಿದಳು, ಹಿತ್ತಿಲ ಕಡೆ ನೋಡಿದಳು. ಒಳಗಿಂದ ಏನೋ ಹೇಳಲು ಬಂದ ಗಲೀಲಾಳನ್ನು ಬಖೂಮ ಕೈಯೆತ್ತಿ ತಡೆದ.

"ಒಳಗೆ ಬಾರಮ್ಮ. ಟೀ ಕುಡಿದು ಹೋಗು."

ಅವಳು ಒಳಗೆ ಬರಲಿಲ್ಲ. ಕೂಸನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸಿಕೊಂಡು ಮೆಟ್ಟಿಲಿಳಿದಳು. ಬೀದಿಯ ತಿರುವಿನಲ್ಲಿ ಇಬ್ಬರು ಹೆಂಗಸರು ಅವಳಿಗಾಗಿ ಕಾದಿದ್ದರು. ಏನಂದ ಎಂದು ಕೇಳಿದರು. ಅವಳು ಹೇಳಿದ್ದು ಬಾಗಿಲಲ್ಲಿ ನಿಂತ ಬಖೂಮನಿಗೂ ಕೇಳಿಸಿತು.

"ಇಲ್ಲ ಅಂತಾನೆ. ಇಟ್ಕೊಂಡಿದ್ದಾನೆ."